ಒಂಬತ್ತು ತುಣುಕುಗಳಿಗೂ ತಲುಪಿದ ಮಾತು

ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಕಿಟಕಿಗೆ ಬೆನ್ನು ಮಾಡಿ ಕುಳಿತು ಜಾಲತಾಣಗಳಿಗೆ ರೂಪು ಕೊಡುವ ಹೆಂಗಸನ್ನು ಎಲ್ಲರೂ ಮೊಳೆಯಕ್ಕ ಎಂದೇ ಕರೆಯುತ್ತಾರೆ. ಆಕೆ ಇಪ್ಪತ್ತೆರಡು ವರ್ಷ ಮುದ್ರಣಾಲಯವೊಂದರಲ್ಲಿ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಆಯ್ದು ಸಾಲು ಕಟ್ಟಿದವಳು. ಆ ಮುದ್ರಣಾಲಯಕ್ಕೆ ಬೀಗ ಬಿದ್ದಾಗ ಆಕೆಗೆ ನಲವತ್ತೊಂದು ವಯಸ್ಸು. ಮಗಳು ಅಡುಗೆಮನೆಯ ಮೇಜಿನ ಮೇಲೆ ಹಳೆಯ ಕಂಪ್ಯೂಟರೊಂದನ್ನು ತಂದಿಟ್ಟು, "ಇದೂ ಅಕ್ಷರ ಜೋಡಿಸೋದೇ ಅಮ್ಮ, ಕೈ ಕಪ್ಪಾಗಲ್ಲ ಅಷ್ಟೇ" ಎಂದಳು. ಬಸ್ಸು ಓಡಿಸುವ ಗಂಡ, "ಮೊಳೆ ಬಿಟ್ಟರೂ ಕುಟ್ಟೋದು ಬಿಡಲಿಲ್ಲ ನೋಡು ಇವಳು" ಎಂದು ನಕ್ಕ. ನಗುನಗುತ್ತಲೇ ಆರು ತಿಂಗಳು ಸಂಜೆಯ ಅಡುಗೆಯನ್ನು ತಾನೇ ವಹಿಸಿಕೊಂಡ.

ಹಳೆಯ ಕಸುಬಿನಿಂದ ಆಕೆ ಎರಡು ಅಭ್ಯಾಸಗಳನ್ನು ಹೊಸದಕ್ಕೆ ಹೊತ್ತು ತಂದಳು. ಪುಸ್ತಕದ ಪ್ರತಿ ಪುಟದ ನೆತ್ತಿಯ ಮೇಲೂ ಪುಸ್ತಕದ ಹೆಸರಿರಬೇಕು ಎಂಬುದು ಮೊದಲನೆಯದು. ಹಾಳೆ ಕಿತ್ತುಹೋದರೂ ತಾನು ಯಾವ ಮನೆಯದೆಂದು ಅದು ಮರೆಯಬಾರದು. ಕರಡನ್ನು ಕೊನೆಯ ಸಾಲಿನಿಂದ ಹಿಂದಕ್ಕೆ ತಿದ್ದುವುದು ಎರಡನೆಯದು. ಮೊದಲಿನಿಂದ ಓದಿದರೆ ಕಣ್ಣು ಅರ್ಥದ ಬೆನ್ನು ಹತ್ತಿ ಓಡುತ್ತದೆ, ತಪ್ಪು ಕಾಲಡಿಯಲ್ಲೇ ಉಳಿಯುತ್ತದೆ.

ಊರಿನ ಹಿರಿಯ ದುಡಿಮೆಗಾರರ ನೆನಪುಗಳನ್ನು ಬರೆದುಕೊಂಡು ಜಾಲತಾಣವೊಂದರಲ್ಲಿ ಇಡಬೇಕೆಂದು ಗ್ರಂಥಾಲಯ ನಿಶ್ಚಯಿಸಿತು. ನೆನಪು ಹೇಳಿದ ಅರವತ್ತನಾಲ್ಕು ಮಂದಿಯಲ್ಲಿ ನಿವೃತ್ತಳಾದ ದಾದಿಯೊಬ್ಬಳಿದ್ದಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆಕೆ ಸೀಸೆ ಅದಲುಬದಲು ಮಾಡಿ ರೋಗಿಯೊಬ್ಬನಿಗೆ ಬೇರೆ ಔಷಧ ಕೊಟ್ಟಿದ್ದಳು. ದೈವಕೃಪೆಯಿಂದ ರೋಗಿ ಉಳಿದ. ತಪ್ಪು ತನ್ನದೆಂದು ಆಕೆ ನಲವತ್ತು ವರ್ಷ ಯಾರಿಗೂ ಹೇಳಲಿಲ್ಲ. ಈಗ ಎಲ್ಲವನ್ನೂ ಬಿಚ್ಚಿ ಹೇಳಿ, ಒಂದೇ ಒಂದು ಷರತ್ತು ಹಾಕಿದಳು.

"ಹೊಸದಾಗಿ ಕೆಲಸಕ್ಕೆ ಬರೋ ಹುಡುಗಿಯರು ಓದಲಿ. ಆದರೆ ನನ್ನ ಹೆಸರು ಎಲ್ಲೂ ಬೇಡಮ್ಮ. ನನ್ನ ಮೊಮ್ಮಗಳೂ ಈಗ ಅದೇ ಓದು ಓದ್ತಿದಾಳೆ. ಅವಳ ಕಣ್ಣಲ್ಲಿ ನಾನು ಚಿಕ್ಕವಳಾಗೋದು ಬೇಡ."

"ಎಲ್ಲೂ ಬರಲ್ಲ ದೊಡ್ಡಮ್ಮ" ಎಂದು ಮೊಳೆಯಕ್ಕ ಮಾತು ಕೊಟ್ಟಳು.

ತಾಣವು ಸಂಜೆ ನಾಲ್ಕಕ್ಕೆ ಎಲ್ಲರಿಗೂ ತೆರೆದುಕೊಳ್ಳುವುದೆಂದು ಗೊತ್ತಾಗಿದ್ದ ದಿನ. ಬೆಳಗ್ಗೆ ಹತ್ತಕ್ಕೆ ಆಕೆ ತನ್ನ ಪದ್ಧತಿಯಂತೆ ಕಟ್ಟಕಡೆಯ, ಅತಿ ಚಿಕ್ಕ ತುಣುಕಿನಿಂದ ಪರೀಕ್ಷೆಗೆ ತೊಡಗಿದಳು. ದಾದಿಯ ಕಥೆಯನ್ನು ಒಂಬತ್ತು ತುಣುಕುಗಳಾಗಿ ವಿಂಗಡಿಸಲಾಗಿತ್ತು. ಒಂಬತ್ತನೆಯದರ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ದಾದಿಯ ಹೆಸರಿತ್ತು. ಎಂಟನೆಯದರಲ್ಲೂ ಇತ್ತು. ಏಳನೆಯದರಲ್ಲೂ.

ಆದದ್ದಿಷ್ಟು. ಬರಹ ಬಂದು ಕೂರುವ ಅಚ್ಚಿಗೆ ಈ ಕಸುಬಿನವರು ಟೆಂಪ್ಲೇಟ್ ಎನ್ನುತ್ತಾರೆ. ಇಡೀ ಕಥೆಗೆ ಒಂದು ತಾಯಿ ಟೆಂಪ್ಲೇಟ್, ಅದರೊಳಗೆ ಪ್ರತಿ ತುಣುಕಿಗೂ ಒಂದು ಮರಿ ಟೆಂಪ್ಲೇಟ್. 'ಹೆಸರು ತೋರಿಸಬೇಡಿ' ಎಂಬ ಗುರುತನ್ನು ತಾಯಿಯ ಬಳಿ ಹಾಕಲಾಗಿತ್ತು. ತಾಯಿ ಅದನ್ನು ಪಾಲಿಸಿ ಬಾಯಿ ಮುಚ್ಚಿಕೊಂಡಿತ್ತು. ಆದರೆ ಒಳಗಿರುವ ಮರಿಗೆ ತಾಯಿಯ ಬಳಿ ಏನಿದೆಯೆಂಬುದು ತಾನಾಗಿ ತಿಳಿಯದು. ದಾಖಲೆಗೆಂದು ಪ್ರತಿ ತುಣುಕಿನೊಂದಿಗೆ ಬರೆದಿಟ್ಟಿದ್ದ ಹೆಸರನ್ನು ಅದು ತೆಗೆದು ತೋರಿಸಿಬಿಟ್ಟಿತ್ತು.

ಗ್ರಂಥಪಾಲಕರು ಕನ್ನಡಕ ಹಣೆಗೇರಿಸಿಕೊಂಡು ಬಗ್ಗಿ ನೋಡಿದರು. "ಒಂಬತ್ತೇ ತಾನೇ ಅಕ್ಕ? ಕೈಯಲ್ಲೇ ಹೆಸರು ಅಳಿಸಿಬಿಡಿ. ಹತ್ತು ನಿಮಿಷದ ಕೆಲಸ."

"ದಾಖಲೆಯಿಂದ ಅಳಿಸಿದರೆ ನಾಳೆ ಇದು ಯಾರ ಮಾತು ಅಂತ ನಮಗೇ ಗೊತ್ತಿರಲ್ಲ ಸಾರ್. ಅದಲ್ಲದೆ, ದೊಡ್ಡಮ್ಮ ಹತ್ತನೇದೊಂದು ಹೇಳಿದರೆ? ನಾನು ರಜೆಯಲ್ಲಿರೋ ದಿನ ಅದನ್ನ ನೀವು ಸೇರಿಸಿದರೆ?"

"ನಾನೇನು ಮರೀತೀನಾ?"

"ಕನ್ನಡಕ ಎಲ್ಲಿ ಅಂತ ದಿನಾ ಕೇಳೋರು ನೀವೇ."

ಅವರು ಹಣೆಯನ್ನು ಮುಟ್ಟಿ ನೋಡಿಕೊಂಡು ಕನ್ನಡಕವನ್ನು ಮೂಗಿಗಿಳಿಸಿದರು. "ಸರಿ, ಏನು ಮಾಡ್ತೀರಿ ಹಾಗಾದರೆ? ನಾಲ್ಕಕ್ಕೆ ಜನ ಬರ್ತಾರೆ."

"ಮರಿ ತಾಯಿನ ಹುಡುಕಿಕೊಂಡು ಹೋಗಬಾರದು. ತಾಯೇ ಗುರುತನ್ನ ಬುತ್ತಿ ಕಟ್ಟಿ ಕೈಗೆ ಕೊಟ್ಟು ಒಳಗೆ ಕಳಿಸಬೇಕು. ಬುತ್ತಿ ಬರಲಿಲ್ಲವೋ, ಮರಿ ಯಾರ ಹೆಸರನ್ನೂ ಹೇಳಬಾರದು."

ಕೇಳಲು ಸುಲಭವೆನಿಸುವ ಈ ಮಾತು ಕೆಲಸವಾಗಿ ಮುಗಿಯಲು ಮಧ್ಯಾಹ್ನ ಮೂರಾಯಿತು. ತಾಯಿ ಟೆಂಪ್ಲೇಟು ಮರಿಯನ್ನು ಕರೆಯುವ ಪ್ರತಿ ಸ್ಥಳದಲ್ಲೂ ಹೆಸರು 'ತೋರಿಸಿ' ಇಲ್ಲವೇ 'ತೋರಿಸಬೇಡಿ' ಎಂಬ ಗುರುತನ್ನು ಜೊತೆಗೆ ಕಳಿಸುವಂತೆ ಆಕೆ ಬರೆದಳು. ಗುರುತು ಬಾರದಿದ್ದಲ್ಲಿ ಮೌನವೇ ಮೊದಲ ನಿಯಮ ಎಂದು ಮರಿಗೂ ಕಲಿಸಿದಳು. ಮತ್ತೆ ಒಂಬತ್ತರಿಂದ ಒಂದರವರೆಗೆ ಬೆರಳಿಟ್ಟು ನೋಡಿದಳು. ತಂದ ಊಟದ ಡಬ್ಬಿ ಮುಚ್ಚಿದಂತೆಯೇ ಇತ್ತು.

ಮೌನದ ನಿಯಮಕ್ಕೂ ಬೆಲೆ ತೆರಬೇಕಾಯಿತು. ತಾಣ ತೆರೆದ ಅರ್ಧ ಗಂಟೆಯೊಳಗೆ ಮುದುಕ ಬಡಗಿಯೊಬ್ಬ ಕೋಣೆಯ ಬಾಗಿಲಲ್ಲಿ ನಿಂತ. ಉಪಕರಣಗಳ ಪಟ್ಟಿಯ ಪುಟದಲ್ಲಿ ಆತನ ತುಣುಕು ತಾಯಿಯಿಲ್ಲದೆ ಒಂಟಿಯಾಗಿ ಕಾಣುತ್ತಿತ್ತು. ಅಲ್ಲಿ 'ತೋರಿಸಿ' ಎಂಬ ಗುರುತು ಕಳಿಸುವುದನ್ನು ಆಕೆ ಮರೆತಿದ್ದಳು.

"ಏನವ್ವ, ಉಳಿ ಹಿಡಿಯೋದು ಹೇಗೆ ಅಂತ ಹೇಳಿದ್ದು ನಾನು. ಹೆಸರೇ ಇಲ್ಲ. ಉಳಿ ತಾನಾಗೇ ಮಾತಾಡಿತಾ?"

"ತಪ್ಪು ನಂದೇ ಅಜ್ಜ. ಕೂತ್ಕೊಳ್ಳಿ, ನಿಮ್ಮೆದುರೇ ಹಾಕ್ತೀನಿ."

"ದಪ್ಪಕ್ಷರದಲ್ಲಿ ಹಾಕು. ನನ್ನ ಹೆಂಡತಿಗೆ ಕಣ್ಣು ಮಂಜು."

ಹೆಸರು ಬಂದಿತು. ಗ್ರಂಥಪಾಲಕರು ಮೆಲ್ಲಗೆ, "ಇಂಥ ಬೈಗುಳ ಬರುತ್ತೆ ಅಂತ ಗೊತ್ತಿತ್ತಾ?" ಎಂದು ಕೇಳಿದರು. "ಬಿಟ್ಟುಹೋದ ಹೆಸರನ್ನ ಆಮೇಲೆ ಸೇರಿಸಬಹುದು ಸಾರ್. ಬಯಲಾದ ಹೆಸರನ್ನ ಎಲ್ಲಿಂದ ವಾಪಸ್ ತರೋದು?" ಎಂದಳಾಕೆ. ಬಹಳ ಓದಿದವರೂ ತಡವಾಗಿ ಮನಗಾಣುವ ವಿವೇಕವಿದು. ಆಕೆಗೆ ಅದು ಕೈಯ ಅಭ್ಯಾಸವಾಗಿತ್ತು.

ಎರಡು ವಾರದ ಬಳಿಕ ದಾದಿ ಬಂದಳು. ಬಾಗಿಲನ್ನು ಓರೆ ಮಾಡಿ, ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಕುಳಿತಳು.

"ಮೊಮ್ಮಗಳಿಗೆ ತರಗತಿಯಲ್ಲಿ ಇದನ್ನೇ ಓದೋಕೆ ಕೊಟ್ಟಿದ್ರಂತೆ. ಮನೆಗೆ ಬಂದು ಏಳನೇ ತುಣುಕನ್ನ ನನಗೇ ಓದಿ ಹೇಳಿದಳು ಕಣಮ್ಮ. ಸೀಸೆ ಮೇಲಿನ ಚೀಟಿನ ಎತ್ತುವಾಗ ಒಂದು ಸಲ, ಇಡುವಾಗ ಒಂದು ಸಲ ಓದಬೇಕಂತೆ ಅಜ್ಜಿ, ಇನ್ಮೇಲೆ ನಾನೂ ಹಾಗೇ ಮಾಡ್ತೀನಿ ಅಂದಳು."

"ನೀವೇನಂದ್ರಿ?"

"ಯಾರೋ ಅನುಭವಸ್ಥರು ಬರೆದಿರಬೇಕು, ಹಾಗೇ ಮಾಡು ಅಂದೆ."

ಇಬ್ಬರೂ ನಕ್ಕರು. ತಾಣ ತೆರೆದ ದಿನ ಬೆಳಗ್ಗೆ ಅದೇ ಏಳನೆಯ ತುಣುಕಿನಡಿ ಏನಿತ್ತೆಂಬುದನ್ನು ಮೊಳೆಯಕ್ಕ ಹೇಳಲಿಲ್ಲ. ದಾದಿ ಚೀಲದಿಂದ ಮಡಿಸಿದ ಹಾಳೆಯೊಂದನ್ನು ತೆಗೆದು, "ಆ ರೋಗಿ ಗುಣವಾಗಿ ಮನೆಗೆ ಹೋದ ದಿನದ್ದು ಹೇಳೋದು ಬಿಟ್ಟುಹೋಗಿತ್ತು" ಎಂದಳು.

ಮೊಳೆಯಕ್ಕ ಎದ್ದು, ತನ್ನ ಕುರ್ಚಿಯನ್ನು ಗ್ರಂಥಪಾಲಕರಿಗೆ ಬಿಟ್ಟುಕೊಟ್ಟು, "ಹತ್ತನೇದು ಸಾರ್, ನೀವೇ ಸೇರಿಸಿ" ಎಂದಳು. ಅವರು ಒಂದೊಂದೇ ಅಕ್ಷರ ಹುಡುಕಿ ಬರಹವನ್ನು ಏರಿಸಿದರು. ದಾಖಲೆಯ ಜಾಗದಲ್ಲಿ ದಾದಿಯ ಹೆಸರನ್ನು ಪೂರ್ತಿಯಾಗಿ ಬರೆದರು. ಪುಟ ತೆರೆಯಿತು. ದಾದಿ ಕನ್ನಡಕ ಸರಿಪಡಿಸಿಕೊಂಡು, ಬೆರಳನ್ನು ಪರದೆಯ ಮೇಲೆ ಮೆಲ್ಲಗೆ ಕೆಳಕ್ಕೆ ಒಯ್ದಳು. ಕೊನೆಯ ಸಾಲಿನ ಅಡಿಯಲ್ಲಿ ಬಿಳಿಯ ಜಾಗವಷ್ಟೇ ಇತ್ತು.