ಬಲ ಎಂದು ಕೂಗಿದ್ದು

ಕಳೆದ ವಾರ ಉಡುಪಿಯ ಬಸ್ ನಿಲ್ದಾಣದಲ್ಲಿ ಕಾಪುವಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬಸ್ಸಿನ ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು, "ಕಾರ್ಲ, ಕಾರ್ಲ, ಬಲೆ ಬಲೆ" ಎಂದು ಕೂಗಿದ. ಕೇಳಿದ್ದೇ ತಡ, ನಾನು ಕಂಬ ಹಿಡಿದು ನಿಂತೆ. ಕಬ್ಬಿನ ಹಾಲು ಮಾರುವವನು ಸ್ಟೂಲು ತಂದಿಟ್ಟು, "ಕೂತ್ಕೊಳ್ಳಿ ಅಜ್ಜ, ಶುಗರ್ ಉಂಟಾ ಎಂತ?" ಎಂದ. ಉಂಟು ಎಂದೆ. ನನಗೆ ಶುಗರ್ ಇಲ್ಲ. ಆದರೆ ಒಂದು ಮಾತು ಕೇಳಿ ಹೆದರಿಕೆಯಾಯಿತು ಎನ್ನುವುದಕ್ಕಿಂತ ಶುಗರ್ ಎನ್ನುವುದು ಸುಲಭ.

ತುಳುವಿನಲ್ಲಿ 'ಕಾರ್ಲ' ಎಂದರೆ ಕಾರ್ಕಳ, 'ಬಲ' ಎಂದರೆ ಬಾ. 'ಬಲೆ' ಎಂದರೆ ಬನ್ನಿ. ಈ ಎರಡಕ್ಷರವನ್ನು ಕೂಗಿಯೇ ನಾನು ಅನ್ನ ತಿಂದವನು. ಹೈಸ್ಕೂಲು ಮುಗಿಸಿ ಹೆಗಲಿಗೆ ಚರ್ಮದ ಚೀಲ ಹಾಕಿಕೊಂಡವನು ಕೂದಲು ಬೆಳ್ಳಗಾಗುವವರೆಗೂ ಉಡುಪಿ–ಕಾರ್ಕಳ ದಾರಿಯ ಬಸ್ಸಿನಿಂದ ಇಳಿಯಲಿಲ್ಲ. ಇವನು ಬಸ್ಸಿನಲ್ಲಿದ್ದರೆ ಹಾರ್ನ್ ಯಾಕೆ ಎಂದು ಡ್ರೈವರ್‌ಗಳು ನಗುತ್ತಿದ್ದರು. ಆ ಗಂಟಲಿನ ಮೇಲೆ ನನಗೆ ಬಹಳ ಜಂಬವಿತ್ತು. ಈಗ ಹೇಳಬೇಕಾದ ಕಥೆಯಲ್ಲಿ ಕೆಟ್ಟದ್ದು ಮಾಡಿದ್ದೂ ಆ ಗಂಟಲೇ.

ಮಗ ಮಣಿಪಾಲದ ಲ್ಯಾಬ್ ಒಂದರಲ್ಲಿ ಕೆಲಸಕ್ಕಿದ್ದಾನೆ. ಜೊತೆಗೆ ಕೆಲಸ ಮಾಡುತ್ತಿದ್ದ ದಾವಣಗೆರೆಯ ಹುಡುಗಿಯನ್ನು ಮದುವೆಯಾದ. ಶೈಲಾ ಎಂದು ಹೆಸರು. ನನ್ನ ಹೆಂಡತಿ ಅಷ್ಟರಲ್ಲಿ ತೀರಿಕೊಂಡಿದ್ದಳು. ಇದ್ದಿದ್ದರೆ ನನ್ನನ್ನು ಹದ್ದುಬಸ್ತಿನಲ್ಲಿಡುತ್ತಿದ್ದಳೋ ಏನೋ. ಈ ಮನೆಯಲ್ಲಿ ತುಳುವೇ ಆಗಬೇಕು ಎಂದು ನಾನು ಕಾನೂನು ಮಾಡಿದೆ. ಶೈಲಾ "ನೀರು ಕೊಡ್ಲಾ ಮಾವ" ಎಂದರೆ ಕಿವುಡನಂತೆ ಕುಳಿತಿರುತ್ತಿದ್ದೆ. ಅವಳು ತಡವರಿಸಿ "ನೀರ್ ಬೋಡಾ" ಎಂದ ಮೇಲೆಯೇ ಲೋಟಕ್ಕೆ ಕೈ ಚಾಚುತ್ತಿದ್ದೆ. ನೀರು, ಅನ್ನ, ಮೀನು ಎಲ್ಲ ಬೇಗ ಕಲಿತಳು. ಬಲ ಎಂಬುದನ್ನು ಮಾತ್ರ ಕಲಿತಿರಲಿಲ್ಲ. ಮದುವೆಯಾಗಿ ತಿಂಗಳಾಗಿತ್ತಷ್ಟೆ. ಲ್ಯಾಬಿನಲ್ಲಿ ಕನ್ನಡವೇ ನಡೆಯುತ್ತಿತ್ತು, ಮಗನೂ ಅವಳೊಡನೆ ಕನ್ನಡವನ್ನೇ ಆಡುತ್ತಿದ್ದ, ನಾನು ಅವಳನ್ನು ಒಮ್ಮೆಯೂ ಹತ್ತಿರ ಕರೆದವನಲ್ಲ.

ಕಾರ್ಕಳ ದಾಟಿ ಘಟ್ಟದ ಬುಡಕ್ಕೆ ಹೋದರೆ ಒಂದು ಜಲಪಾತ ಉಂಟು. ಹೆಸರು ಬೇಡ, ನೀವೂ ಹೋಗಿರುತ್ತೀರಿ. ಗೇಟಿನಿಂದ ನೀರಿನವರೆಗೂ ಸಿಮೆಂಟು ಹಾಸಿದ ದಾರಿ, ಪಕ್ಕದಲ್ಲಿ ಕಬ್ಬಿಣದ ಕಂಬಿ, ದಣಿದವರಿಗೆ ಬೆಂಚು, ಬುಡದಲ್ಲಿ ಚುರುಮುರಿ ಗಾಡಿ. ರೇಷ್ಮೆ ಸೀರೆ ಉಟ್ಟವರೂ ಹತ್ತುತ್ತಾರೆ. ಹಾಸಿದ ದಾರಿಯಲ್ಲಿ ಒಂದು ಮೋಸ ಉಂಟು ನೋಡಿ. ಕಾಲಡಿ ಗಟ್ಟಿಯಾಗಿದ್ದರೆ ಸುತ್ತ ಕಾಡಿದೆ ಎಂಬುದೇ ಮರೆತುಹೋಗುತ್ತದೆ.

ಮಳೆಗಾಲ ಮುಗಿಯುತ್ತಿದ್ದ ಒಂದು ಭಾನುವಾರ ನಾವು ಮೂವರು ಹೋದೆವು. ಮೇಲೆ ತಲುಪಿದಾಗ ಮಗನಿಗೆ ಫೋನು ಕಾರಿನಲ್ಲಿ ಉಳಿದದ್ದು ನೆನಪಾಗಿ ಕೆಳಗಿಳಿದ. ನಾನು ಕಟ್ಟೆಯ ಮೇಲೆ ನಿಂತೆ. ಶೈಲಾ ಮೆಟ್ಟಿಲಿಳಿದು ನೀರಿನ ಅಂಚಿಗೆ ಹೋದಳು. ಬಯಲುಸೀಮೆಯ ಹುಡುಗಿ, ಅಷ್ಟು ನೀರನ್ನು ಅಷ್ಟು ಹತ್ತಿರದಿಂದ ಎಂದೂ ನೋಡಿದವಳಲ್ಲ. ನಮ್ಮ ಮೇಲೆ ಬಿಸಿಲಿತ್ತು. ಆದರೆ ಬೆಟ್ಟದ ತಲೆಯ ಮೇಲೆ ಕಪ್ಪಾಗಿತ್ತು, ನೋಡನೋಡುತ್ತಿದ್ದಂತೆ ಬೀಳುವ ನೀರಿನ ಬಣ್ಣ ಕೆಂಪಾಯಿತು. ಮೇಲೆ ಮಳೆ ಬಿದ್ದು ನೀರು ಇಳಿದು ಬರುತ್ತಿದೆ ಎಂದು ನನಗೆ ಗೊತ್ತಾಯಿತು. ಅವಳಿಗೆ ಗೊತ್ತಾಗುವ ಹಾಗಿರಲಿಲ್ಲ.

ಅವಳ ಎಡಗಡೆ ಮೆಟ್ಟಿಲು. ಬಲಗಡೆ ಪಾಚಿ ಹಿಡಿದ ಕರಿ ಬಂಡೆ. ನಾನು ಪೂರ್ತಿ ಗಂಟಲಲ್ಲಿ "ಬಲ, ಬಲ" ಎಂದು ಕೂಗಿದೆ.

ಅವಳು ತಲೆಯೆತ್ತಿ ನೋಡಿದಳು. ನೀರಿನ ಹುಡಿ ಎದ್ದು ನಡುವೆ ಬಿಳಿ ಪರದೆಯಾಗಿತ್ತು. ನನ್ನ ಮುಖ ಕಾಣದೆ ಕೂಗು ಮಾತ್ರ ಕೇಳಿಸಿರಬೇಕು. ಅವಳು ಬಲಕ್ಕೆ ಒಂದು ಹೆಜ್ಜೆ ಇಟ್ಟಳು. ನಾನು ಇನ್ನೂ ಜೋರಾಗಿ ಕೂಗಿದೆ. ಇನ್ನೂ ಬಲಕ್ಕೆ ಹೋದಳು. ಕೂಗಿದಷ್ಟೂ ದೂರ ಹೋಗುತ್ತಿದ್ದಾಳೆ. ಹೇಳಲು ನಾಚಿಕೆಯಾಗುತ್ತದೆ, ಆ ಗಳಿಗೆಯಲ್ಲಿ ನನಗೆ ಬಂದದ್ದು ಸಿಟ್ಟು. ಈ ಹುಡುಗಿ ಬೇಕೆಂದೇ ಹೀಗೆ ಮಾಡುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ಅವಳು ಜಾರಿದಳು. ಬಂಡೆಯ ಸಂದಿನಲ್ಲಿ ಕಾಲು ಸಿಕ್ಕಿಬಿತ್ತು. ಕೆಂಪು ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ನನ್ನ ಗಂಟಲಿನಿಂದ ಮತ್ತೆ ಸ್ವರವೇ ಹೊರಡಲಿಲ್ಲ. ಅಲ್ಲಿದ್ದ ಕೆಲವು ಗಂಡಸರು ಕೈಗೆ ಕೈ ಕೊಟ್ಟು ಸರಪಳಿಯಾಗಿ ನಿಂತು ಅವಳನ್ನು ಎಳೆದರು. ಮೂಳೆ ಮುರಿದ ಕಾಲು ವಿಚಿತ್ರವಾಗಿ ತಿರುಗಿಕೊಂಡಿತ್ತು.

ಕಾರಿನಲ್ಲಿ ಅವಳು ನೋವಿನ ನಡುವೆ, "ಮಾವ ಬಲಕ್ಕೆ ಅಂದ್ರಲ್ಲ, ಅದಕ್ಕೇ ಹೋದೆ ರೀ. ಅವ್ರಿಗೆ ಇಲ್ಲಿನ ನೀರು ಗೊತ್ತಿರುತ್ತೆ ಅಂತ" ಎಂದಳು.

ಆಗ ನನಗೆ ಅರ್ಥವಾಯಿತು. ಮಗ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ, "ಅಪ್ಪ, ಎಂತ ಹೇಳಿದ್ರಿ ನೀವು?" ಎಂದು ಕೇಳಿದ.

"ಎಡಕ್ಕೆ ಅಂದೆ ಮಾರಾಯ," ಎಂದೆ. "ನೀರಿನ ಶಬ್ದಕ್ಕೆ ಅವಳಿಗೆ ಸರಿ ಕೇಳಲಿಲ್ಲ."

ಈ ಸುಳ್ಳು ಅಲ್ಲಿಗೇ ನಿಲ್ಲಲಿಲ್ಲ. ಶೈಲಾಗೆ ಕಿವಿ ಸ್ವಲ್ಪ ಮಂದ ಎಂದು ನಮ್ಮ ಕಡೆಯವರಲ್ಲಿ ಮಾತಾಯಿತು. ಉದ್ಯಾವರದ ನನ್ನ ಅಕ್ಕ ಅವಳೊಡನೆ ಕೂಗಿ ಮಾತಾಡತೊಡಗಿದಳು. ಕಾಲಿನ ಕಟ್ಟು ಬಿಚ್ಚಿದ ಮೇಲೆ ಮಗ ಅವಳನ್ನು ಕಿವಿಯ ಪರೀಕ್ಷೆಗೂ ಕರೆದುಕೊಂಡು ಹೋದ. ಅವಳು ಎದುರಾಡದೆ ಹೋದಳು. ಕಿವಿ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದರಂತೆ. ನಮ್ಮವರು ಅದನ್ನೂ ನಂಬಲಿಲ್ಲ.

ಆಮೇಲಿನ ನನ್ನ ಬದುಕು ಹೇಗಿತ್ತು ಕೇಳಿ. ತುಳು ಕಲಿ ಎಂದು ಕಾಡಿದವನೇ ಅವಳು ತುಳು ಕಲಿಯುವುದಕ್ಕೆ ಹೆದರತೊಡಗಿದೆ. ಅವಳು ಒಂದು ಹೊಸ ಮಾತು ಆಡಿದರೆ ನಾನು ಬೇರೆ ವಿಷಯ ತೆಗೆಯುತ್ತಿದ್ದೆ. ಮನೆಯಲ್ಲಿ ನಾನು ಬಲ ಎನ್ನುವುದನ್ನೇ ಬಿಟ್ಟೆ. ಬೆಕ್ಕನ್ನು ಕೂಡ ಕನ್ನಡದಲ್ಲಿ ಕರೆಯುತ್ತಿದ್ದೆ. ಪಕ್ಕದ ಮನೆಯವರು "ಕಂಡಕ್ಟರು ಈಗ ಕನ್ನಡ ಪಂಡಿತರು" ಎಂದು ನಗುತ್ತಿದ್ದರು. ಮೊಮ್ಮಗಳು ಹುಟ್ಟಿ, ಮಾತು ಕಲಿತು, ಬೀದಿಯ ಮಕ್ಕಳೊಡನೆ ಆಡುತ್ತ ಬಲ ಬಲ ಎಂದು ಕೂಗಿದ ದಿನ ನಾನು ಊಟ ಬಿಟ್ಟು ಎದ್ದುಹೋದೆ. ಶೈಲಾ ಆ ಕಡೆ ತಿರುಗಿಯೂ ನೋಡಲಿಲ್ಲ. ಅವಳಿಗೆ ಇನ್ನೂ ಹೊಳೆದಿಲ್ಲ ಎಂದು ನನ್ನನ್ನು ನಾನೇ ನಂಬಿಸಿಕೊಂಡೆ.

ಮೊನ್ನೆ ಭಾನುವಾರ ಮೊಮ್ಮಗಳು ಆ ಜಲಪಾತ ನೋಡಬೇಕೆಂದು ಹಟ ಹಿಡಿದಳು. ಮಗನಿಗೆ ಡ್ಯೂಟಿ ಇತ್ತು. ಶೈಲಾ, "ನಾವು ಬಸ್ಸಲ್ಲೇ ಹೋಗುವ. ಮಾವನೂ ಬರಲಿ" ಎಂದಳು. ಬಾರದಿರಲು ನೆಪ ಹುಡುಕಿದೆ, ಸಿಗಲಿಲ್ಲ.

ಅದೇ ದಾರಿ, ಅದೇ ಕಂಬಿ. ಒಂದೊಂದು ತಿರುವಿಗೂ ನೀರಿನ ಸದ್ದು ದೊಡ್ಡದಾಗುತ್ತಿತ್ತು. ಮಗು ಮುಂದೆ ಓಡುತ್ತಿತ್ತು, ಶೈಲಾ ಒಂದು ಕಾಲು ಸ್ವಲ್ಪ ಎಳೆಯುತ್ತ ಅದರ ಹಿಂದೆ ನಡೆಯುತ್ತಿದ್ದಳು. ಮೇಲೆ ಆ ಮಗು ನೀರಿನ ಹತ್ತಿರ ನಿಲ್ಲುತ್ತದೆ, ಯಾರಾದರೂ ಕೂಗಬೇಕಾದೀತು, ನನಗೆ ಸ್ವರ ಹೊರಡುವುದಿಲ್ಲ ಎಂಬುದು ಆಗ ಹೊಳೆಯಿತು. ಬೆಂಚಿನ ಮೇಲೆ ಕುಸಿದೆ.

"ಎಂತಾಯ್ತು ಮಾವ?" ಎಂದು ಶೈಲಾ ಹಿಂದೆ ಬಂದಳು. ಅವಳ ಬಾಯಲ್ಲಿ ಈಗ ನಮ್ಮ ಕಡೆಯ 'ಎಂತ' ಬಂದುಬಿಟ್ಟಿದೆ.

"ಆ ದಿನ ನಾನು ಎಡಕ್ಕೆ ಎನ್ನಲಿಲ್ಲ," ಎಂದೆ. "ಬಲ ಎಂದೇ ಕೂಗಿದ್ದು. ನಿನ್ನ ಕಿವಿಯಲ್ಲಿ ಏನೂ ತಪ್ಪಿರಲಿಲ್ಲ."

ಅವಳು ಮಗುವಿನ ಮೇಲೆ ಕಣ್ಣಿಟ್ಟುಕೊಂಡೇ ಪಕ್ಕದಲ್ಲಿ ಕುಳಿತಳು. "ಕಿವಿ ಪರೀಕ್ಷೆಗೆ ಹೊರಗೆ ಕೂತಿದ್ದೆ ಮಾವ. ನರ್ಸ್ ಬಂದು ನನ್ನ ಪಕ್ಕದಲ್ಲಿ ಕೂತಿದ್ದ ಒಬ್ಬ ಅಜ್ಜಿಗೆ 'ಬಲೆ ಅಜ್ಜಿ' ಅಂದ್ರು. ಬಲಗಡೆ ಗೋಡೆ ಇತ್ತು. ಅಜ್ಜಿ ಎದ್ದು ಸೀದಾ ಒಳಗೆ ಹೋದ್ರು. ಅವತ್ತೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಹೇಳ್ತೀರಿ ಅಂತ ಕಾದೆ." ಆಮೇಲೆ ಅಂದಳು: "ತಪ್ಪು ಕೂಗಿದ್ದಕ್ಕೆ ನನಗೆ ಸಿಟ್ಟಿಲ್ಲ. ಕಿವುಡಿ ಮಾಡಿದ್ರಲ್ಲ, ಅದಕ್ಕೆ ಉಂಟು. ನಿಮ್ಮ ಮಗ ಇವತ್ತಿಗೂ ನನ್ನ ಹತ್ರ ಒಂದು ಮಾತನ್ನ ಎರಡು ಸಲ ಹೇಳ್ತಾರೆ. ಅವರಿಗೆ ಹೇಳಿ."

ಎದ್ದು ಹೋಗಿ ಮಗುವಿನ ಕೈ ಹಿಡಿದಳು. ಮೇಲಿನ ತಿರುವಿನಿಂದ ತಿರುಗಿ ನೋಡಿ, "ಬಲೆ ಮಾವ" ಎಂದು ಕರೆದಳು. ನನ್ನ ಕಾಲು ತನ್ನಷ್ಟಕ್ಕೆ ಬಲಕ್ಕೆ ತಿರುಗಿ ಕಂಬಿಗೆ ಬಡಿಯಿತು. ಅವಳು ನಕ್ಕಳೋ ಇಲ್ಲವೋ ಆ ದೂರದಿಂದ ತಿಳಿಯಲಿಲ್ಲ. ಕಂಬಿ ಹಿಡಿದುಕೊಂಡು ಅವಳ ಕಡೆಗೆ ಹತ್ತಿದೆ.

ಆ ಭಾನುವಾರದಿಂದ ಇಂದಿನವರೆಗೆ ಮಗನಿಗೆ ನಾಳೆ ಹೇಳಿದರಾಯಿತು ಎಂದು ದೂಡುತ್ತಲೇ ಬಂದೆ. ಜಲಪಾತದ ಹತ್ತಿರ ಆದ ಹೆದರಿಕೆ ಇದರ ಮುಂದೆ ಏನೂ ಅಲ್ಲ. ಮಗನ ಕಣ್ಣಿನಲ್ಲಿ ನಾನು ಇನ್ನು ಏನಾಗಿ ಉಳಿಯುತ್ತೇನೋ ತಿಳಿಯದು. ಈಗ ಸಂಜೆ. ಅಂಗಳದಲ್ಲಿ ಬೈಕ್ ನಿಂತ ಸದ್ದಾಯಿತು. ಶೈಲಾ ಒಳಗೆ ಮೀನು ಹುರಿಯುತ್ತಿದ್ದಾಳೆ. ಸಟ್ಟುಗದ ಸದ್ದು ನಿಂತಿತು. ಅವಳಿಗೆ ಎಲ್ಲವೂ ಚೆನ್ನಾಗಿ ಕೇಳಿಸುತ್ತದೆ.

ಮಗ ಹೆಲ್ಮೆಟ್ ತೆಗೆಯುತ್ತ ಬಾಗಿಲಲ್ಲಿ ನಿಂತ. ಎಷ್ಟೋ ವರ್ಷಗಳಿಂದ ಈ ಮನೆಯಲ್ಲಿ ಆಡದ ಮಾತನ್ನು ನಾನು ಆಡಿದೆ.

"ಬಲ ಮಗಾ," ಎಂದೆ. "ಇಲ್ಲಿ ಕೂತುಕೋ."