ಎದುರುಮನೆಯವಳ ಪಾಪ

ಚೊಚ್ಚಲ ಬಾಣಂತನಕ್ಕೆ ನಾನು ಹಲಗೂರಿನ ತವರಿಗೆ ಬಂದಾಗ ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಹೆರಿಗೆ ಕಷ್ಟವಾಗಿ, ಮಳವಳ್ಳಿಯಿಂದ ನರ್ಸಮ್ಮ ಬಂದು ನನ್ನನ್ನೂ ಮಗುವನ್ನೂ ಉಳಿಸಿದರು. ಅವರು ಕ್ರೈಸ್ತರು. ಆಮೇಲೂ ಎರಡು ದಿನಕ್ಕೊಮ್ಮೆ ಬಸ್ಸಿನಲ್ಲಿ ಬಂದು ನೋಡಿಹೋಗುತ್ತಿದ್ದರು. ವಾಪಸು ಬಸ್ಸು ಬರುವತನಕ ನಮ್ಮವ್ವನಿಗೆ ಮಾತು ಬೇಕು.

"ನಿಮ್ಮ ಏಸುಸ್ವಾಮಿ ದೇವ್ರೋ ಮನ್ಸನೋ, ಒಂದ್ ಏಳವ್ವ," ಅಂದಳು ಒಂದು ಮಧ್ಯಾಹ್ನ.

"ಎರಡೂ ಹೌದಮ್ಮ. ಪೂರಾ ದೇವರು, ಪೂರಾ ಮನುಷ್ಯ."

"ಅಸಿವಾಯ್ತಿತ್ತಾ?"

"ಆಗ್ತಿತ್ತು. ದಣಿದು ದೋಣಿಯಲ್ಲೇ ನಿದ್ದೆ ಹೋಗಿದ್ದೂ ಉಂಟು."

ಅವ್ವನಿಗೆ ಇದು ಹಿಡಿಸಿತು. ಹಸಿವು ಗೊತ್ತಿರುವ ದೇವರ ಹತ್ತಿರ ಕಷ್ಟಸುಖ ಹೇಳಿಕೊಳ್ಳಬಹುದು ಎಂದಳು. ತೊಂದರೆ ಶುರುವಾದದ್ದು ಶಿಲುಬೆಯಿಂದ. ತಪ್ಪೇ ಮಾಡದವನು ಎಲ್ಲರ ಪಾಪ ಹೊತ್ತು ಸತ್ತ, ಮೂರನೆಯ ದಿನ ಎದ್ದುಬಂದ ಎಂದು ನರ್ಸಮ್ಮ ಹೇಳಿದಾಗ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಥಟ್ಟನೆ ತಲೆಯೆತ್ತಿ, "ಎಲ್ಲಾರ್ದೂ ಅಂದ್ರೆ? ಎದುರ್ಮನೆಯೋಳ್ದೂವಾ?" ಎಂದಳು.

ಎದುರುಮನೆಯಾಕೆ ನಮ್ಮ ಕೋಳಿ ಹಿಡಿದು ಸಾರು ಮಾಡಿದಳೆಂದು ಅವ್ವ ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದಳು.

"ಅವರದ್ದೂ ಸೇರಿ," ಅಂದರು ನರ್ಸಮ್ಮ.

"ಅವಳ್ದೊಂದ ಬುಟ್ಬುಡಾಕ್ ಏಳವ್ವ. ಮಿಕ್ಕಿದ್ದೆಲ್ಲಾ ಒತ್ಕೊಳ್ಳಿ."

"ಹಾಗೆ ಆರಿಸೋಕಾಗಲ್ಲಮ್ಮ. ಅವರದ್ದು ಬಿಟ್ಟರೆ ನಿಮ್ಮದೂ ಬಿಡಬೇಕಾಗುತ್ತೆ."

"ನಂದೇನೈತೆ ಪಾಪ?"

ನಾನು ಮಲಗಿದ್ದಲ್ಲಿಂದಲೇ ಬಾಯಿ ಹಾಕಿದೆ. "ಅವ್ರ ಸೋರೆಬಳ್ಳಿ ಬುಡಕ್ಕೆ ಬಿಸ್ನೀರು ಉಯ್ದೋರ್ ಯಾರವ್ವ?"

"ಬಾಣಂತಿ ಜಾಸ್ತಿ ಮಾತಾಡ್ಬಾರ್ದು, ಮಲೀಕೊ!"

ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಕ್ಕರೆ ಹೊಟ್ಟೆ ನೋಯುತ್ತಿದ್ದ ನಾನೂ ನಕ್ಕೆ. ಅವ್ವ ಒಲೆಯ ಮುಂದೆ ಕೂತು ಸಂಜೆಯವರೆಗೂ ಪಾತ್ರೆಗಳನ್ನು ಕುಕ್ಕಿದಳು.

ತೊಟ್ಟಿಲುಶಾಸ್ತ್ರದ ಹಿಂದಿನ ದಿನ ಅವಳು ಬೀದಿ ದಾಟಿ ಎದುರುಮನೆಯ ಬಾಗಿಲಲ್ಲಿ ನಿಂತದ್ದನ್ನು ಕಿಟಕಿಯಿಂದ ನೋಡಿ, ಜಗಳಕ್ಕೇ ಹೋದಳೆಂದುಕೊಂಡೆ.

"ನಾಳೆ ತೊಟ್ಲುಸಾಸ್ತ್ರ. ಬಾ ಕಣಮ್ಮಿ."

"ಏನ್ ಇದ್ದಕ್ಕಿದ್ದಂಗೆ?" ಆಕೆಗೆ ಅನುಮಾನ.

"ನಿಂದೂ ನಂದೂ ಒಬ್ರು ಒತ್ಕೊಂಡವ್ರಂತೆ, ನರ್ಸಮ್ಮ ಏಳುದ್ರು. ಸುಮ್ಕೆ ಬಾ."

ಆಕೆಗೆ ತಲೆಬುಡ ಅರ್ಥವಾಗಲಿಲ್ಲ, ಆದರೂ ಬಂದಳು. ನನ್ನ ಮಗುವನ್ನೆತ್ತಿ ತೊಟ್ಟಿಲಿಗೆ ಹಾಕಿದ್ದೂ ಆಕೆಯೇ. ಆಮೇಲೆ ಜೋಗುಳ ಶುರುವಾಯಿತು. ಎರಡನೆಯ ನುಡಿಗೇ ಯಾರ ಪದ ಸರಿ ಎಂದು ಅವ್ವನಿಗೂ ಅವಳಿಗೂ ಜೋರು ಜಗಳ ಹತ್ತಿಕೊಂಡಿತು. ಮಗು ಎದ್ದು ಅತ್ತಿತು. ನನಗಂತೂ ಅಷ್ಟು ಹಿತವಾದ ಜಗಳ ಅಲ್ಲಿಯವರೆಗೆ ಕೇಳಿ ಗೊತ್ತಿರಲಿಲ್ಲ.