ಸತ್ತ ಲೈನಿನಲ್ಲಿ ಬಂದ ಕರೆ

ಹಲ್ಲಿ ಲೊಚಗುಟ್ಟಿದರೆ ಸಾಕು, ನಮ್ಮಜ್ಜಿ ನೆಲಕ್ಕೆ ಬೆರಳು ಕುಟ್ಟಿ ‘ಕೃಷ್ಣ ಕೃಷ್ಣ’ ಅನ್ನುತ್ತಿದ್ದಳು. ‘ಅದು ಸೊಳ್ಳೆ ನೋಡಿ ಬಾಯಿ ಚಪ್ಪರಿಸಿದ್ದು, ನಿನಗಲ್ಲ’ ಎಂದು ನಾನು ರೇಗಿಸುತ್ತಿದ್ದೆ. ಇಂಜಿನಿಯರಿಂಗ್ ಓದಿದ ಮೇಲಂತೂ ಕೇಳುವುದೇ ಬೇಡ. ಯಾರಾದರೂ ದೆವ್ವ, ಶಕುನ, ಅಶರೀರವಾಣಿ ಎಂದು ಶುರು ಮಾಡಿದರೆ ಎದ್ದು ಹೋಗುತ್ತಿದ್ದೆ. ಅಂಥವನು ಈಗ ಇದನ್ನು ಬರೆಯಲು ಕೂತಿದ್ದೇನೆ. ಓದಿದವರು ನಕ್ಕರೆ ನಗಲಿ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ಎಂಬತ್ತರ ದಶಕದ ಕೊನೆಯ ಮಾತು. ವಿಶಾಖಪಟ್ಟಣದ ಹೊರಗಿದ್ದ ಒಂದು ದೊಡ್ಡ ವಿದ್ಯುತ್ ಸಬ್‌ಸ್ಟೇಷನ್‌ನಲ್ಲಿ ನಾನು ಶಿಫ್ಟ್ ಇಂಜಿನಿಯರ್. ಊರು ಗದಗಿನ ಕಡೆ. ಹೆಂಡತಿ ವಿಜಯವಾಡದವಳು, ಅವಳ ತಾಯಿ ಕನ್ನಡದವರು, ತಂದೆ ತೆಲುಗಿನವರು. ಹಾಗಾಗಿ ದ್ವಾರಕಾ ನಗರದ ನಮ್ಮ ಬಾಡಿಗೆ ಮನೆಯಲ್ಲಿ ಅರ್ಧ ತೆಲುಗೇ ನಡೆಯುತ್ತಿತ್ತು. ಆಫೀಸಿನಲ್ಲಂತೂ ಕನ್ನಡ ಬರುತ್ತಿದ್ದವನು ನಾನೊಬ್ಬನೇ. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಆ ನೌಕರಿಯ ಸುಖ ಏನು ಹೇಳಲಿ! ಗೋದಾವರಿ ತೀರದಲ್ಲಿ ನೆಲ ಅಗೆದರೆ ಕಲ್ಲಿದ್ದಲು. ಕೃಷ್ಣೆಯಲ್ಲಿ ನೀರು. ಬಂದರಿನಲ್ಲಿ ಪರದೇಶಕ್ಕೆ ಹೊರಟ ಅದಿರಿನ ಗುಡ್ಡಗಳು, ಕೆಂಪು ಧೂಳು ಹಾರಿ ಹಾರಿ ನಮ್ಮ ಒಗೆದ ಬಟ್ಟೆಯ ಮೇಲೆ ಕೂರುತ್ತಿತ್ತು. ಎಲ್ಲ ಇದ್ದೂ ಮನೆಯಲ್ಲಿ ಸಂಜೆಯಾದರೆ ಲಾಟೀನು. ಕಲ್ಲಿದ್ದಲು ಬಂದರೆ ಅದರಲ್ಲಿ ಕಲ್ಲೇ ಹೆಚ್ಚು. ಒಳ್ಳೆಯದು ಬಂದರೆ ಮಳೆಗೆ ನೆಂದು ಮುದ್ದೆ. ಅದೂ ಸರಿಯಿದ್ದರೆ ಬಾಯ್ಲರ್ ಕೆಟ್ಟಿರುತ್ತಿತ್ತು. ಬೈಗುಳ ಮಾತ್ರ ನಮಗೆ. ಕರೆಂಟು ಹೋದರೆ ಊರಿನವರು ನನಗೆ ಫೋನು ಮಾಡಿ ನಮ್ಮಪ್ಪ, ಅಮ್ಮ, ಮುತ್ತಜ್ಜನವರೆಗೂ ಹೋಗುತ್ತಿದ್ದರು. ಕೇಳಿ ಕೇಳಿ ನನ್ನ ಕಿವಿ ದಪ್ಪವಾಗಿತ್ತು.

ಅಂಥ ಒಂದು ಬೇಸಿಗೆಯಲ್ಲಿ, ವಿಜಯವಾಡದ ಕಡೆಯಿಂದ ಬರುವ ದೊಡ್ಡ ಲೈನನ್ನು ರಿಪೇರಿಗೆಂದು ಒಂದು ದಿನ ನಿಲ್ಲಿಸಬೇಕಾಯಿತು. ತಂತಿ ಹಿಡಿದಿಡುವ ಪಿಂಗಾಣಿ ಬಿಲ್ಲೆಗಳು ಒಡೆದಿದ್ದವು. ಟವರ್ ಹತ್ತಿ ಅವನ್ನು ಬದಲಿಸಲು ಎರಡು ಗ್ಯಾಂಗ್ ಹೋದವು. ಒಂದು ನಮ್ಮದು, ಅದರ ಮೇಸ್ತ್ರಿ ಸತ್ಯಂ. ಇನ್ನೊಂದು ವಿಜಯವಾಡದ ಕಡೆಯಿಂದ ಲಾರಿಯಲ್ಲಿ ಬಂದದ್ದು. ಮಧ್ಯಾಹ್ನದೊಳಗೆ ಮುಗಿಸುತ್ತೇವೆ ಅಂದರು. ಮಧ್ಯಾಹ್ನವಾಯಿತು, ಇಳಿಹೊತ್ತಾಯಿತು, ಕೆಲಸ ಮುಗಿಯಲಿಲ್ಲ. ಅರ್ಧ ಊರಿಗೆ ಕರೆಂಟಿಲ್ಲ, ಪಂಪು ಓಡದೆ ನಲ್ಲಿಯಲ್ಲಿ ನೀರಿಲ್ಲ, ಮಕ್ಕಳಿಗೆ ಪರೀಕ್ಷೆ ಬೇರೆ. ವಿಜಯವಾಡದಲ್ಲಿ ಕೂತಿದ್ದ ನಮ್ಮ ದೊಡ್ಡ ಸಾಹೇಬರು ಗಳಿಗೆಗೊಮ್ಮೆ ಟ್ರಂಕ್ ಫೋನಿನಲ್ಲಿ ‘ಏಮಯ್ಯಾ, ಆಯಿತಾ? ಏಮಯ್ಯಾ, ಇನ್ನೂ ಇಲ್ಲವಾ?’ ಎಂದು ಜೀವ ತಿನ್ನುತ್ತಿದ್ದರು.

ಹೊತ್ತು ಮುಳುಗುವ ವೇಳೆಗೆ ಸತ್ಯಂ ಬಂದ. ಬೆವರಿನಲ್ಲಿ ನೆಂದು ಹೋಗಿದ್ದ. ನಮ್ಮಲ್ಲಿ ಒಂದು ಪದ್ಧತಿ ಇತ್ತು. ಕೆಲಸಕ್ಕೆ ಹೋಗುವ ಮುಂಚೆ ಮೇಸ್ತ್ರಿ ಸ್ವಿಚ್ಚಿನ ಹಿಡಿಗೆ ಒಂದು ಕೆಂಪು ಬಟ್ಟೆ ಕಟ್ಟಿ ಹೋಗಬೇಕು, ಎಲ್ಲರೂ ಟವರ್‌ನಿಂದ ಇಳಿದ ಮೇಲೆ ಅವನೇ ಬಂದು ಬಿಚ್ಚಬೇಕು. ಬೇರೆ ಯಾರೂ ಮುಟ್ಟುವಂತಿಲ್ಲ. ಸತ್ಯಂ ಬಟ್ಟೆ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಆ ಕಡೆಯ ಗ್ಯಾಂಗ್ ಕೂಡ ಕೆಲಸ ಮುಗಿಸಿ ಲಾರಿ ಹತ್ತಿತು ಎಂದು ಪಕ್ಕದ ಸ್ಟೇಷನ್ನಿನವರು ತಿಳಿಸಿದ್ದರು. ಎಲ್ಲ ಸರಿಯಿತ್ತು. ನಾನು ಪ್ಯಾನೆಲ್ ಮುಂದೆ ಹೋಗಿ, ಲೈನಿಗೆ ಕರೆಂಟು ಬಿಡುವ ಹಿಡಿಯ ಮೇಲೆ ಕೈ ಇಟ್ಟೆ.

ಆಗ ಕ್ಯಾರಿಯರ್ ಫೋನು ಬಡಿದುಕೊಂಡಿತು.

ಇದೇನೆಂದು ಹೇಳಿಬಿಡುತ್ತೇನೆ. ನಮ್ಮಲ್ಲಿ ಊರಿನ ಮಾಮೂಲಿ ಫೋನಲ್ಲದೆ ಇನ್ನೊಂದು ಫೋನಿತ್ತು. ಅದರ ಮಾತು ಕರೆಂಟಿನ ತಂತಿಯಲ್ಲೇ ಹರಿದು ಹೋಗುತ್ತದೆ, ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಮಾತ್ರ. ಹೊರಗಿನವರು ಯಾರೂ ಅದಕ್ಕೆ ಕರೆ ಮಾಡಲಾಗದು. ಆ ದಿನ ಲೈನು ಹೇಗೂ ನಿಂತಿದೆಯಲ್ಲ ಎಂದು ಫೋನಿನ ಪೆಟ್ಟಿಗೆಯನ್ನೂ ರಿಪೇರಿಗೆ ಬಿಚ್ಚಿದ್ದರು. ಅದಕ್ಕೆ ಕರೆಂಟು ಕೊಡುವ ಸರ್ಕ್ಯೂಟ್ ಕಾರ್ಡು ನಮ್ಮ ಟೆಕ್ನಿಷಿಯನ್ ಸನ್ಯಾಸಿರಾವು ಅವರ ಮೇಜಿನ ಮೇಲಿತ್ತು. ಅಂದರೆ ಅದು ಫೋನೇ ಅಲ್ಲ, ಆ ಹೊತ್ತಿಗೆ ಒಂದು ಖಾಲಿ ಡಬ್ಬಿ.

ಅಭ್ಯಾಸ ಬಲ, ಎತ್ತಿದೆ. ಆ ಕಡೆಯಿಂದ ಒಬ್ಬ ಗಂಡಸು, ವಯಸ್ಸಾದವನು, ನಮ್ಮೂರ ಕನ್ನಡದಲ್ಲಿ ಗದರಿಸಿದ.

‘ಏ ತಮ್ಮಾ, ಕೈ ತಗಿ. ಮ್ಯಾಲ ಒಬ್ಬಾಂವ ಅದಾನ.’

‘ಯಾರ್ರೀ ನೀವು?’ ಅಂದೆ.

‘ಅದನ್ನ ಆಮ್ಯಾಲ ಕೇಳ್ತೀಯಂತ. ಮದಲ ಕೈ ತಗಿ ಅಂದ್ನೆಲ್ಲ!’

ಅಷ್ಟೇ. ಆಮೇಲೆ ಬರೀ ಮೌನ. ಹಲೋ ಹಲೋ ಎಂದು ಕೂಗಿದೆ, ಮರದ ತುಂಡಿಗೆ ಕೂಗಿದ ಹಾಗಾಯಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಸನ್ಯಾಸಿರಾವು ನಿಂತಿದ್ದರು. ಕೈಯಲ್ಲಿ ಆ ಕಾರ್ಡು. ಮುಖ ಬಿಳಿಚಿಕೊಂಡಿತ್ತು. ‘ಸಾರ್, ಬೆಲ್ ಕೇಳಿ ಬಂದೆ. ಇದು ನನ್ನ ಕೈಯಲ್ಲಿದೆ. ಅದು ಹೇಗೆ ಬಡಿದುಕೊಂಡಿತು?’ ಎಂದರು. ನನ್ನ ಕೈಯಿಂದ ರಿಸೀವರ್ ತೆಗೆದುಕೊಂಡು ಕಿವಿಗಿಟ್ಟು ನೋಡಿದರು. ಏನೂ ಇರಲಿಲ್ಲ.

ನನಗೆ ಹೆದರಿಕೆಗಿಂತ ಮೊದಲು ಬಂದದ್ದು ಸಿಟ್ಟು. ಯಾವನೋ ಆಟ ಆಡುತ್ತಿದ್ದಾನೆ ಅನ್ನಿಸಿತು. ಆದರೆ ಆ ಹಿಡಿಗೆ ಮತ್ತೆ ಕೈ ಹಾಕಲು ಮನಸ್ಸು ಬರಲಿಲ್ಲ. ಮೇಲೆ ಒಬ್ಬ ಇದ್ದಾನೆ ಎಂಬ ಮಾತು ನಿಜವಾಗಿದ್ದರೆ? ನಾನು ಕರೆಂಟು ಬಿಟ್ಟರೆ ಅವನನ್ನು ಬೂದಿ ಮಾಡಿ ಕೆಳಗೆ ಹಾಕಿದಂತೆ.

ಸತ್ಯಂನನ್ನು ಕರೆದು ಕೇಳಿದೆ. ‘ಎಲ್ಲರೂ ಇಳಿದರು ಸಾರ್, ದುರ್ಗಮ್ಮನ ಆಣೆ!’ ಅಂದ. ‘ಆದರೂ ಇನ್ನೊಮ್ಮೆ ಜೀಪಿನಲ್ಲಿ ಹೋಗಿ ಟವರ್ ಟವರ್ ನೋಡಿಕೊಂಡು ಬಾ’ ಎಂದೆ. ಅವನಿಗೆ ಅವಮಾನವಾಯಿತು. ಇಷ್ಟು ವರ್ಷದ ಮೇಸ್ತ್ರಿಯ ಮಾತಿನ ಮೇಲೆ ನಂಬಿಕೆ ಇಲ್ಲವಾ ಎಂದು ಗೊಣಗುತ್ತ ಹೋದ. ವಿಜಯವಾಡದ ಗ್ಯಾಂಗಿನ ಲಾರಿ ಆಗಲೇ ಹೊರಟುಹೋಗಿತ್ತು, ಅವರನ್ನು ದಾರಿಯಲ್ಲಿ ಹಿಡಿದು ಕೇಳುವ ಉಪಾಯ ಆ ಕಾಲದಲ್ಲಿ ಇರಲಿಲ್ಲ.

ಮತ್ತೆ ಸಾಹೇಬರ ಫೋನು. ಇನ್ನೂ ಲೈನ್ ಕೊಟ್ಟಿಲ್ಲ ಎಂದೆ. ಯಾಕೆ? ಮೇಲೆ ಒಬ್ಬ ಇರಬಹುದು ಎಂಬ ಅನುಮಾನ. ಯಾರು ಹೇಳಿದರು? ನಾನು ಏನು ಹೇಳಲಿ! ಬಾಯಿಗೆ ಬಂದದ್ದು ‘ಕ್ಯಾರಿಯರ್‌ನಲ್ಲಿ ಯಾರೋ ಹೇಳಿದರು ಸಾರ್’ ಎಂಬ ನಿಜ. ‘ಕ್ಯಾರಿಯರ್ ಬಿಚ್ಚಿಟ್ಟಿದ್ದೇವೆ ಎಂದು ಬೆಳಿಗ್ಗೆ ನೀನೇ ಹೇಳಿದೆಯಲ್ಲಯ್ಯಾ! ತಲೆ ಸರಿಯಿದೆಯಾ? ಈಗಿಂದೀಗ ಚಾರ್ಜ್ ಮಾಡು!’ ಎಂದು ಅರಚಿದರು. ‘ಜೀಪು ಬರಲಿ ಸಾರ್’ ಎಂದೆ. ‘ಇದು ನನ್ನ ಆರ್ಡರು’ ಎಂದರು. ‘ಹಾಗಾದರೆ ನೀವೇ ಬಂದು ಹಿಡಿ ತಿರುಗಿಸಿ’ ಎಂದು ಫೋನು ಕುಕ್ಕಿದೆ. ಕುರ್ಚಿ ಎಳೆದುಕೊಂಡು ಹಿಡಿಗೆ ಅಡ್ಡಲಾಗಿ ಕೂತೆ. ಸನ್ಯಾಸಿರಾವು ಬಂದು ಪಕ್ಕದಲ್ಲಿ ನಿಂತರು.

ಜೀಪು ಬರುವಷ್ಟರಲ್ಲಿ ಕತ್ತಲಾಗಿತ್ತು. ಸತ್ಯಂ ಒಳಗೆ ಬಂದವನು ನೆಲಕ್ಕೆ ಕುಸಿದು ಕೂತ. ಹಿಂದೆಯೇ ಒಬ್ಬ ಸಣಕಲು ಲೈನ್‌ಮನ್. ಹೆಸರು ನೂಕರಾಜು, ವಿಜಯವಾಡದ ಗ್ಯಾಂಗಿನವನು. ಮಧ್ಯಾಹ್ನ ಸತ್ಯಂನ ಕಡೆ ಒಬ್ಬನಿಗೆ ಜ್ವರ ಬಂದಿದೆ ಎಂದು ಇವನನ್ನು ಕೈಬದಲಿಗೆ ಕಳಿಸಿದ್ದರಂತೆ. ಊರಿನಲ್ಲಿ ಎತ್ತು ಎರವಲು ಕೊಡುತ್ತಾರಲ್ಲ, ಹಾಗೆ. ಸಂಜೆ ಹೊರಡುವಾಗ ‘ನಮ್ಮವನು ಸತ್ಯಂ ಹತ್ತಿರ ಇದ್ದಾನೆ, ನಾಳೆ ಬರುತ್ತಾನೆ’ ಎಂದು ಅವರು ಹೋದರು. ‘ಅವರವನು ಅವರ ಲಾರಿ ಹತ್ತಿರುತ್ತಾನೆ’ ಎಂದು ಸತ್ಯಂ ಬಂದ. ನೂಕರಾಜು ಮಾತ್ರ, ತಿರುವಿನಾಚೆಯ ಟವರ್ ಮೇಲೆ ಮರೆತಿದ್ದ ರಾಟೆ ಬಿಚ್ಚಲು ಯಾರಿಗೂ ಹೇಳದೆ ಹತ್ತಿದ್ದ. ಜೀಪಿನ ದೀಪ ಬಿದ್ದಾಗ ಅವನು ಸೊಂಟದ ಬೆಲ್ಟಿನಲ್ಲಿ ಜೋತುಬಿದ್ದು ಬಲಗೈಯಲ್ಲಿ ತಂತಿ ಹಿಡಿದಿದ್ದನಂತೆ. ಇದನ್ನು ಹೇಳುತ್ತ ಸತ್ಯಂ ಹೋ ಎಂದು ಅತ್ತುಬಿಟ್ಟ. ನೂಕರಾಜುವಿಗೆ ಏನಾಯಿತೆಂದೇ ತಿಳಿದಿರಲಿಲ್ಲ, ಕುಡಿಯಲು ನೀರು ಕೇಳಿದ.

ಅವನು ನೀರು ಕುಡಿದಾದ ಮೇಲೆ ನಾನು ಲೈನಿಗೆ ಕರೆಂಟು ಬಿಟ್ಟೆ.

ಇಷ್ಟಕ್ಕೆ ಯಾರಾದರೂ ಶಹಬ್ಬಾಸ್ ಅನ್ನಬೇಕಿತ್ತು ಅಲ್ಲವೇ? ಬಂದದ್ದು ಮೆಮೊ. ಸರಬರಾಜು ತಡವಾದದ್ದಕ್ಕೆ ಕಾರಣ ಏನು, ಮೇಲಧಿಕಾರಿಯ ಮಾತು ಮೀರಿದ್ದು ಯಾರ ಅಪ್ಪಣೆಯ ಮೇಲೆ ಎಂದು. ನೂಕರಾಜುವಿನ ಸುದ್ದಿ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಅವನು ಸತ್ತಿದ್ದರೆ ವಿಚಾರಣೆ ನಡೆಯುತ್ತಿತ್ತು, ಎರಡು ಗ್ಯಾಂಗಿನ ನಡುವೆ ಹೀಗೆ ಆಳು ಬದಲಿಸುವುದು ನಿಲ್ಲುತ್ತಿತ್ತು. ಬದುಕಿದ, ಹಾಗಾಗಿ ಏನೂ ಆಗಲೇ ಇಲ್ಲ ಎಂದಾಯಿತು! ‘ಅನುಮಾನ ಬಂದ ಕಾರಣ’ ಎಂದು ಉತ್ತರ ಬರೆದೆ. ಕನ್ನಡದಲ್ಲಿ ಒಬ್ಬ ಮುದುಕ ಬೈದ ಎಂದು ಬರೆದಿದ್ದರೆ ನೇರ ಹುಚ್ಚಾಸ್ಪತ್ರೆಗೆ ಕಳಿಸುತ್ತಿದ್ದರು. ಕೆಲವು ತಿಂಗಳಲ್ಲಿ ನನ್ನನ್ನು ವಿಜಯವಾಡಕ್ಕೆ ಎತ್ತಿ ಹಾಕಿದರು.

ನಾನು ಕೈಕಟ್ಟಿ ಕೂತವನಲ್ಲ. ಪಕ್ಕದ ಸ್ಟೇಷನ್ನಿನವರನ್ನೆಲ್ಲ ಕೇಳಿದೆ, ಆ ಹೊತ್ತಿನಲ್ಲಿ ಯಾರೂ ಫೋನು ಮಾಡಿರಲಿಲ್ಲ, ಮಾಡಲು ಬರುತ್ತಲೂ ಇರಲಿಲ್ಲ. ಟ್ರಂಕ್ ಲೈನಿನ ಮಾತು ಬೆರೆತಿರಬಹುದೇ? ವಿಜಯವಾಡದ ಗವರ್ನರ್‌ಪೇಟೆಯ ಯಾರೋ ಹುಬ್ಬಳ್ಳಿ ವ್ಯಾಪಾರಿ ತನ್ನ ಗುಮಾಸ್ತನಿಗೆ ಗದರಿಸಿದ್ದು ನನ್ನ ಕಿವಿಗೆ ಬಿದ್ದಿರಬಹುದೇ? ಆದರೆ ಕಾರ್ಡಿಲ್ಲದ ಪೆಟ್ಟಿಗೆ ಬೆಲ್ ಹೊಡೆಯುವುದು ಹೇಗೆ? ಎಲ್ಲ ನನ್ನ ಭ್ರಮೆ ಎನ್ನೋಣವೆಂದರೆ ಆ ಬೆಲ್ಲು ಸನ್ಯಾಸಿರಾವು ಅವರಿಗೂ ಕೇಳಿಸಿತ್ತು. ಸತ್ತುಹೋದ ನಮ್ಮಪ್ಪನ ಧ್ವನಿಯಾಗಿದ್ದರೆ ಒಂದು ಕಥೆಯಾದರೂ ಆಗುತ್ತಿತ್ತು. ಅದೂ ಅಲ್ಲ. ಆ ದನಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ತಲೆ ಕೆರೆದು ಕೆರೆದು ಸಾಕಾಗಿ ಹೋಯಿತು.

ವಿಜಯವಾಡಕ್ಕೆ ಬಂದ ಮರುವರ್ಷ ಅತ್ತೆಯವರ ಜೊತೆ ಇಂದ್ರಕೀಲಾದ್ರಿಗೆ, ದುರ್ಗಮ್ಮನ ಬೆಟ್ಟಕ್ಕೆ, ಹೋಗಿದ್ದೆ. ಮೆಟ್ಟಿಲ ಬುಡದಲ್ಲಿ ಯಾರೋ ‘ಸಾರ್’ ಎಂದು ಬಂದು ಕಾಲಿಗೆ ಬಿದ್ದರು. ನೂಕರಾಜು. ಜೊತೆಯಲ್ಲಿ ಹೆಂಡತಿ, ಅವಳ ಸೊಂಟದಲ್ಲಿ ಬೋಳುಮಂಡೆಗೆ ಗಂಧ ಹಚ್ಚಿದ್ದ ಒಂದು ಮಗು. ಆ ಮಗು ಆ ಬೇಸಿಗೆಯಲ್ಲಿ ಹೊಟ್ಟೆಯಲ್ಲಿತ್ತಂತೆ.

‘ಸಾರ್, ಅವತ್ತು ನಿಮಗೆ ಹೇಳಿದವರು ಯಾರು? ಅಮ್ಮನವರಿಗೆ ಕಾಯಿ ಒಡೆದಾಯಿತು. ಅವರ ಹೆಸರಲ್ಲೂ ಒಂದು ಒಡೆಯಬೇಕು ಅಂತಾಳೆ ಇವಳು’ ಎಂದ.

‘ಗೊತ್ತಿಲ್ಲ ನೂಕರಾಜು’ ಎಂದೆ.

ಅವನು ನಂಬಲಿಲ್ಲ. ಆಫೀಸಿನ ಗುಟ್ಟು, ತನ್ನಂಥವನ ಮುಂದೆ ಹೇಳುವಂತಿಲ್ಲ ಎಂದುಕೊಂಡಿರಬೇಕು. ‘ಪರವಾಗಿಲ್ಲ ಸಾರ್’ ಎಂದು ತಲೆ ತಗ್ಗಿಸಿದ. ನನಗೆ ಎಷ್ಟು ಸಂಕಟವಾಯಿತೆಂದರೆ ಅಲ್ಲೇ ಅವನ ಮೇಲೆ ರೇಗಿಬಿಡುತ್ತಿದ್ದೆ. ನಿಜವಾಗಿ ಗೊತ್ತಿಲ್ಲ ಮಾರಾಯ, ನಿನಗಿಂತ ಹೆಚ್ಚು ನನಗೆ ಬೇಕಾಗಿದೆ ಆ ಹೆಸರು ಎಂದು ಕೂಗಬೇಕೆನಿಸಿತು. ಅಷ್ಟರಲ್ಲಿ ಅವನ ಹೆಂಡತಿ ಮಗುವನ್ನು ಇನ್ನೊಂದು ಸೊಂಟಕ್ಕೆ ಸರಿಸಿ, ಚೀಲದಿಂದ ಒಂದು ತೆಂಗಿನಕಾಯಿ ತೆಗೆದು ನನ್ನ ಕೈಗೆ ಇಟ್ಟಳು.

‘ಗೊತ್ತಾದ ದಿನ ನೀವೇ ಒಡೆಯಿರಿ ಬಾಬೂ’ ಎಂದಳು.

ಎಷ್ಟೋ ಊರು ತಿರುಗಿದೆ, ನೌಕರಿಯೂ ಮುಗಿಯಿತು. ಆ ಕಾಯಿ ನಮ್ಮ ದೇವರ ಗೂಡಿನಲ್ಲೇ ಇದೆ. ನೀರಿಂಗಿ, ಒಳಗೆ ಕೊಬ್ಬರಿ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಅನ್ನುತ್ತದೆ. ಚಟ್ನಿಗಾದರೂ ಆಗುತ್ತಿತ್ತು ಎಂದು ಹೆಂಡತಿ ಮೊದಮೊದಲು ಅನ್ನುತ್ತಿದ್ದಳು, ಈಗ ಅವಳೂ ಸುಮ್ಮನೆ ಒರೆಸಿ ಇಡುತ್ತಾಳೆ. ಒಡೆಯೋಣವೆಂದು ಎಷ್ಟು ಸಲ ಎತ್ತಿಕೊಂಡಿದ್ದೇನೋ. ಕಲ್ಲಿನ ಮುಂದೆ ನಿಂತು, ಯಾರ ಹೆಸರು ಹೇಳಬೇಕೆಂದು ತಿಳಿಯದೆ, ತಂದು ಮತ್ತೆ ಅಲ್ಲೇ ಇಡುತ್ತೇನೆ.